ಅಕ್ಷರಕ್ಕೊಂದು ಲಕ್ಷ

ಬೆಂಗಳೂರು ದಕ್ಷಿಣದಲ್ಲಿ ಸೈಟು ನೋಡೋಕೆ ಹೋಗ್ತಿದ್ದೀವಿ ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮನಿಗೆ ಖುಷಿಯೋ ಖುಷಿ. ‘ಜಯನಗರದ ಹತ್ರಾನಾ? ಬಸವನಗುಡಿ ದೇವಸ್ಥಾನಕ್ಕೆ ನಡ್ಕೊಂಡು ಹೋಗಬಹುದೇನೋ?’ ಎಂದು ಕೇಳಿದಳು. ಹೋಗಬಹುದು. ಸುಮಾರು ಐವತ್ತು ಕಿಲೋಮೀಟರು. ಜನ ಧರ್ಮಸ್ಥಳಕ್ಕೇ ನಡೆದು ಹೋಗುತ್ತಾರೆ, ಇದೇನು ಮಹಾ.

ನಾವು ಹೊರಟಿದ್ದು ರಾಮನಗರಕ್ಕೆ. 2025ರ ಮೇನಲ್ಲಿ ಸಚಿವ ಸಂಪುಟ ಕೂತು ಎದ್ದ ಮೇಲೆ ಆ ಜಿಲ್ಲೆ ಬೆಂಗಳೂರು ದಕ್ಷಿಣ ಆಗಿದೆ. ಡಿ.ಕೆ. ಶಿವಕುಮಾರ್ ಅವರು ಪಟ್ಟು ಹಿಡಿದಿದ್ದು, ಎಚ್.ಡಿ. ಕುಮಾರಸ್ವಾಮಿ ಅವರು ಸಿಟ್ಟಾಗಿದ್ದು ಎಲ್ಲ ನಿಮಗೆ ಗೊತ್ತು. ಅವರಿಬ್ಬರ ಜಗಳ ಅವರಿಗಿರಲಿ. ನನ್ನ ಜಗಳ ನಮ್ಮ ಬ್ರೋಕರ್ ಜೊತೆ.

ಇದೇ ಬ್ರೋಕರ್, ಇದೇ ಬೇಲಿ, ಇದೇ ಹುಣಸೆಮರದ ಪಕ್ಕದ 30-40 ಸೈಟನ್ನು ಹೆಸರು ಬದಲಾಗುವ ಮುಂಚೆ ನನಗೆ ತೋರಿಸಿದ್ದ. ಆಗ ಅಡಿಗೆ 1,800 ರೂಪಾಯಿ ಹೇಳಿದ್ದ. ಹೆಂಡತಿ ಒಡವೆ ಲೆಕ್ಕ ಹಾಕಿದಳು, ನಾನು ಪಿಎಫ್ ಲೆಕ್ಕ ಹಾಕಿದೆ, ಇಬ್ಬರೂ ಸೇರಿ ‘ಸ್ವಲ್ಪ ದಿನ ನೋಡೋಣ’ ಎಂದೆವು. ನೋಡಿದೆವು. ಈಗ ಅಡಿಗೆ 2,600.

‘ಏನಪ್ಪಾ ಬದಲಾಯ್ತು? ರಸ್ತೆ ಹಾಗೇ ಇದೆ. ಮೋರಿ ಇನ್ನೂ ಆಗಿಲ್ಲ. ನೀರಿಗೆ ಆವತ್ತೂ ಟ್ಯಾಂಕರ್, ಇವತ್ತೂ ಟ್ಯಾಂಕರ್.’

‘ಸಾರ್, ಆವಾಗ ನೀವು ರಾಮನಗರದಲ್ಲಿ ನಿಂತಿದ್ರಿ. ಈಗ ಬೆಂಗಳೂರಲ್ಲಿ ನಿಂತಿದ್ದೀರಿ.’

ನಾನು ಕಾಲ ಕೆಳಗೆ ನೋಡಿಕೊಂಡೆ. ಅದೇ ಮುಳ್ಳು.

ಮನೆಗೆ ಬಂದು ಲೆಕ್ಕ ಹಾಕಿದೆ. 1,200 ಅಡಿ, ಅಡಿಗೆ 800 ಜಾಸ್ತಿ. ಒಟ್ಟು 9 ಲಕ್ಷ 60 ಸಾವಿರ. ಇದು ಮಣ್ಣಿನ ಬೆಲೆ ಅಲ್ಲ, ಹೆಸರಿನ ಬೆಲೆ. ಬೆಂ-ಗ-ಳೂ-ರು-ದ-ಕ್ಷಿ-ಣ. ಏಳು ಅಕ್ಷರ. ಅಕ್ಷರಕ್ಕೆ ಒಂದು ಲಕ್ಷದ 37 ಸಾವಿರ ಬಿತ್ತು. ಭೋಜರಾಜ ಕವಿಗಳಿಗೆ ಅಕ್ಷರಕ್ಕೊಂದು ಲಕ್ಷ ಕೊಡುತ್ತಿದ್ದ ಅಂತ ಕತೆ ಕೇಳಿದ್ದೆವು. ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ನಮ್ಮ ಸಂಪುಟ ಭೋಜರಾಜನನ್ನೂ ಮೀರಿಸಿದೆ. ಒಂದೇ ವ್ಯತ್ಯಾಸ, ಅವನು ತನ್ನ ಬೊಕ್ಕಸದಿಂದ ಕೊಡುತ್ತಿದ್ದ.

ಹೆಸರು ಬದಲಾಗುವುದು ಆ ಊರಿಗೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಅದು ಕ್ಲೋಸ್‌ಪೇಟೆ. ಬ್ಯಾರಿ ಕ್ಲೋಸ್ ಅಂತ ಒಬ್ಬ ಸೇನಾಧಿಕಾರಿ ಇದ್ದ, ಅವನ ಹೆಸರು. ಈ ಇತಿಹಾಸ ಇನ್ನೂ ಯಾವ ಬ್ರೋಕರ್ ಕಿವಿಗೂ ಬಿದ್ದಿಲ್ಲ, ನಮ್ಮ ಪುಣ್ಯ. ಬಿದ್ದಿದ್ದರೆ ‘ಕ್ಲೋಸ್ ಟು ಬೆಂಗಳೂರು ಅಂತ ಬ್ರಿಟಿಷರೇ ಬರ್ಕೊಟ್ಟಿದ್ದಾರೆ ಸಾರ್’ ಎಂದು ಅಡಿಗೆ ಇನ್ನೂರು ಏರಿಸುತ್ತಿದ್ದರು.

ಈಗ ದಿಕ್ಕಿನ ವಿಷಯಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಿ, ನನಗೂ ಮೂರು ಸಲ ಬೇಕಾಯಿತು. ಬೆಂಗಳೂರು ದಕ್ಷಿಣ ಅಂತ ಒಂದು ಲೋಕಸಭಾ ಕ್ಷೇತ್ರ ಇದೆ. ಒಂದು ವಿಧಾನಸಭಾ ಕ್ಷೇತ್ರ ಇದೆ. ಒಂದು ತಾಲ್ಲೂಕು ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನು ಐದು ಹೋಳು ಮಾಡಿದಾಗ ಬೆಂಗಳೂರು ದಕ್ಷಿಣ ನಗರ ಪಾಲಿಕೆಯೂ ಬಂತು. ಇವೆಲ್ಲದರ ಜೊತೆಗೆ ಬೆಂಗಳೂರು ದಕ್ಷಿಣ ಜಿಲ್ಲೆ. ಈ ಬೆಂಗಳೂರು ದಕ್ಷಿಣ ಜಿಲ್ಲೆ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಇಲ್ಲ. ಅದು ಇರುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರವೂ ಗ್ರಾಮಾಂತರ ಲೋಕಸಭೆಗೇ ಸೇರಿದ್ದು. ಹಾಗಾದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆ? ಅದರ ನಾಲ್ಕೂ ತಾಲ್ಲೂಕು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿವೆ. ಗ್ರಾಮಾಂತರ ಕ್ಷೇತ್ರದಲ್ಲಿ ಗ್ರಾಮಾಂತರ ಜಿಲ್ಲೆಯ ಒಂದು ತಾಲ್ಲೂಕೂ ಇಲ್ಲ. ಆ ಜಿಲ್ಲೆಯನ್ನು ಬೆಂಗಳೂರು ಉತ್ತರ ಮಾಡಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ತಣ್ಣನೆ ಗಾಳಿಯಲ್ಲಿ ಒಳ್ಳೊಳ್ಳೆ ಯೋಚನೆ ಬರುತ್ತವೆ.

ಭೂಪಟ ಇಟ್ಟುಕೊಂಡು ನೋಡಿ. ಹೊಸಕೋಟೆ ಬೆಂಗಳೂರಿನ ಪೂರ್ವಕ್ಕಿದೆ. ಅದು ಉತ್ತರ. ಮಾಗಡಿ ಪಶ್ಚಿಮಕ್ಕಿದೆ. ಅದು ದಕ್ಷಿಣ. ಮನೆ ಬಾಗಿಲು ಪೂರ್ವದಿಂದ ಐದು ಡಿಗ್ರಿ ವಾಲಿದ್ದರೆ ‘ಬೇಡ, ಬೇರೆ ನೋಡೋಣ’ ಎನ್ನುವ ಜನ ನಾವು. ಅಡುಗೆಮನೆ ಆಗ್ನೇಯದಲ್ಲಿ ಇಲ್ಲ ಅಂತ ನನ್ನ ಸ್ನೇಹಿತನೊಬ್ಬ ಕೊಟ್ಟ ಅಡ್ವಾನ್ಸ್ ಬಿಟ್ಟು ಬಂದ. ಇಡೀ ತಾಲ್ಲೂಕಿನ ದಿಕ್ಕೇ ತಪ್ಪಿದಾಗ ಒಬ್ಬ ವಾಸ್ತು ಪಂಡಿತರೂ ಬಾಯಿ ಬಿಡಲಿಲ್ಲ. ಮಾಗಡಿಯಲ್ಲಿ ಮನೆ ತಗೊಂಡವರ ನೈಋತ್ಯ ಈಗ ಎಲ್ಲಿದೆಯೋ ಆ ಕೆಂಪೇಗೌಡರೇ ಹೇಳಬೇಕು.

ಈ ದಾರಿ ಚೆನ್ನಾಗಿದೆ, ಇಲ್ಲಿಗೇ ಯಾಕೆ ನಿಲ್ಲಿಸಬೇಕು? ತುಮಕೂರನ್ನು ಬೆಂಗಳೂರು ವಾಯವ್ಯ ಮಾಡಿ. ಕೋಲಾರ ಬೆಂಗಳೂರು ಪೂರ್ವ. ಮಂಗಳೂರು ಹೇಗೂ ಒಂದಕ್ಷರ ಬಿಟ್ಟರೆ ಬೆಂಗಳೂರೇ, ಬೆಂಗಳೂರು ಬೀಚ್ ಅಂತ ಬೋರ್ಡು ಹಾಕಿದರೆ ಆಯಿತು. ಬೀದರಿನವರು ಅಷ್ಟು ವರ್ಷದಿಂದ ಅಭಿವೃದ್ಧಿ ಬೇಕು ಅಂತ ಕೂಗುತ್ತಿದ್ದಾರೆ. ಬೆಂಗಳೂರು ಅತ್ಯುತ್ತರ ಎನ್ನಿ, ಒಂದೇ ರಾತ್ರಿಯಲ್ಲಿ ಮುಗಿಯಿತು. ಹೊಸೂರಿನ ಬ್ರೋಕರ್‌ಗಳಿಗೆ ಯಾವ ಸಂಪುಟದ ಒಪ್ಪಿಗೆಯೂ ಬೇಕಾಗಿಲ್ಲ. ಅತ್ತಿಬೆಲೆ ದಾಟಿ, ರಾಜ್ಯವೇ ಬದಲಾದ ಮೇಲೂ ಅವರು ‘ಎಲೆಕ್ಟ್ರಾನಿಕ್ ಸಿಟಿ ಪಕ್ಕ’ ಅಂತಲೇ ಮಾರುತ್ತಾರೆ.

ಬೆಂಗಳೂರಿನ ಒಳಗೇ ತಗೋಬಹುದಿತ್ತಲ್ಲ ಅಂತ ನೀವು ಕೇಳಬಹುದು. ನೋಡಿದೆವು. 80 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟು, ಇನ್ನೂ ಕಟ್ಟುತ್ತಿದ್ದಾರೆ. ಬ್ಯಾಂಕು ಕೊಡುವುದು ಹೆಚ್ಚೆಂದರೆ ಶೇ 80, ಅಂದರೆ 64 ಲಕ್ಷ. ಉಳಿದ 16 ಲಕ್ಷ ಕೈಯಿಂದ. ಜಿಎಸ್‌ಟಿ ಶೇ 5, ಅಂದರೆ 4 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಎಲ್ಲ ಸೇರಿ ಶೇ 7.6, ಆರು ಲಕ್ಷದ ಮೇಲೆ. ಒಟ್ಟು 26 ಲಕ್ಷ ಚಿಲ್ಲರೆ ಮೊದಲೇ ಕೈಯಲ್ಲಿರಬೇಕು. 26 ಲಕ್ಷ ಕೈಯಲ್ಲಿ ಇದ್ದವನು ನನ್ನ ಹಾಗೆ ಭಾನುವಾರ ಹುಣಸೆಮರದ ಕೆಳಗೆ ಯಾಕೆ ನಿಲ್ಲುತ್ತಾನೆ?

ಎಂಟೂವರೆ ಬಡ್ಡಿ, 20 ವರ್ಷ ಅಂದುಕೊಳ್ಳಿ. 64 ಲಕ್ಷಕ್ಕೆ ತಿಂಗಳ ಕಂತು 55,500 ಚಿಲ್ಲರೆ. 240 ಕಂತು ಕಟ್ಟುವಷ್ಟರಲ್ಲಿ 1 ಕೋಟಿ 33 ಲಕ್ಷ. ನನಗೀಗ 41. ಅರವತ್ತಕ್ಕೆ ಆಫೀಸಿನಲ್ಲಿ ಹಾರ ಹಾಕಿ ಕಳಿಸುತ್ತಾರೆ. ಆಮೇಲೂ ಒಂದು ವರ್ಷ ಕಂತು ಇರುತ್ತೆ, ಹಾರ ಮಾರಿ ಕಟ್ಟಬೇಕು.

ಆ ಫ್ಲ್ಯಾಟು 1,200 ಅಡಿ ಅಂದಿದ್ದರು. ನಾನು ಟೇಪ್ ತಗೊಂಡು ಹೋಗಿದ್ದೆ, ಸೇಲ್ಸ್ ಹುಡುಗನಿಗೆ ಅದು ಇಷ್ಟವಾಗಲಿಲ್ಲ. ಗೋಡೆ ಒಳಗೆ 850 ಅಡಿ ಬಂತು. ಉಳಿದ 350 ಎಲ್ಲಿ ಅಂತ ಕೇಳಿದೆ. ‘ಲಾಬಿಯಲ್ಲಿದೆ ಸಾರ್, ಲಿಫ್ಟಲ್ಲಿದೆ, ಮೆಟ್ಟಿಲಲ್ಲಿದೆ. ಸೂಪರ್ ಬಿಲ್ಟಪ್ ಅಂತಾರೆ.’ ಊರಿಂದ ನೆಂಟರು ಜಾಸ್ತಿ ಬಂದರೆ ನನ್ನ ಪಾಲಿನ ಲಾಬಿಯಲ್ಲಿ ಚಾಪೆ ಹಾಸಬಹುದಾ ಅಂತ ಕೇಳಿದೆ. ‘ಅಸೋಸಿಯೇಷನ್ ಒಪ್ಪಲ್ಲ ಸಾರ್’ ಎಂದ. ಕಾರ್ಪೆಟ್ ಏರಿಯಾ, ಅಂದರೆ ಗೋಡೆ ಒಳಗಿನ ಜಾಗದ ಲೆಕ್ಕದಲ್ಲೇ ಮಾರಬೇಕು ಅಂತ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆ ಹೇಳುತ್ತದೆ. ಆ ಅಂಕಿ ಬ್ರೋಷರಿನಲ್ಲೂ ಇತ್ತು. ಕೊನೆ ಪುಟದಲ್ಲಿ, ಇರುವೆ ಅಕ್ಷರದಲ್ಲಿ.

ಕೈಗೆಟುಕುವ ಮನೆ ಅಂತ ಸರ್ಕಾರದ ಒಂದು ಲೆಕ್ಕ ಇದೆ. ಅಂಥ ಮನೆಗೆ ಜಿಎಸ್‌ಟಿ ಶೇ 1 ಮಾತ್ರ. 2019ರಲ್ಲಿ ಮಾಡಿದ ಲೆಕ್ಕ: ಬೆಲೆ 45 ಲಕ್ಷದ ಒಳಗೆ, ಬೆಂಗಳೂರಿನಂಥ ಮಹಾನಗರದಲ್ಲಿ 60 ಚದರ ಮೀಟರ್ ಒಳಗೆ, ಬೇರೆ ಊರಲ್ಲಿ 90 ಚದರ ಮೀಟರ್ ಒಳಗೆ. ಗಮನಿಸಿ, ಬೆಂಗಳೂರಿಗೂ ದಾವಣಗೆರೆಗೂ ಅದೇ 45 ಲಕ್ಷ. ದೊಡ್ಡ ಊರಲ್ಲಿ ಬೆಲೆ ಜಾಸ್ತಿ ಅನ್ನುವುದು ದಿಲ್ಲಿಗೆ ಗೊತ್ತಿದೆ. ಅದಕ್ಕೆ ಅವರು ಬೆಲೆ ಏರಿಸಲಿಲ್ಲ, ಮನೆ ಕುಗ್ಗಿಸಿದರು. 60 ಚದರ ಮೀಟರ್ ಅಂದರೆ 645 ಅಡಿ. ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತೆ. ಕೈಗೆಟುಕುವ ಮನೆ ಅಂದರೆ ಇದೇ ಇರಬೇಕು.

ಖಾತಾ ಬಗ್ಗೆ ಬರೆಯೋಣ ಅಂದುಕೊಂಡೆ. ಎ ಖಾತಾ, ಬಿ ಖಾತಾ, ಇ-ಖಾತಾ. ಮಧ್ಯದ ಸಿ, ಡಿ ನಮ್ಮ ಮಕ್ಕಳಿಗೆ ಇಟ್ಟಿದ್ದಾರೆ. ಬೇಡ ಬಿಡಿ, ರಕ್ತದೊತ್ತಡ ಇದೆ ನನಗೆ.

ಮತ್ತೆ ಹುಣಸೆಮರಕ್ಕೆ ಬರುತ್ತೇನೆ. ಅಲ್ಲಿಂದ ನೋಡಿದರೆ ರಾಮದೇವರ ಬೆಟ್ಟ ಕಾಣುತ್ತದೆ. 2012ರಲ್ಲಿ ಸರ್ಕಾರ ಅಲ್ಲಿ ರಣಹದ್ದುಗಳಿಗೆ ಅಂತ ಅಭಯಧಾಮ ಮಾಡಿತು. ಹೆಂಡತಿ ತುಂಬಾ ಹೊತ್ತು ಕತ್ತೆತ್ತಿ ನೋಡಿದಳು. ‘ಒಂದೂ ಕಾಣ್ತಿಲ್ವಲ್ರೀ’ ಎಂದಳು. ಮೇಲೆ ಹುಡುಕಬೇಡ ಮಾರಾಯ್ತಿ, ಇಲ್ಲೇ ಶಾಮಿಯಾನದಲ್ಲಿ ಪಲಾವ್ ಬಡಿಸುತ್ತಿದ್ದಾರೆ ನೋಡು ಎಂದೆ.

ಪಲಾವ್ ತಿನ್ನದೆ ರಸ್ತೆ ಆಚೆಯ ಟೀ ಅಂಗಡಿಗೆ ಹೋದೆವು. ಅಂಗಡಿಯಲ್ಲಿ ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ಹುಡುಗ ಕೂತಿದ್ದ. ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸ. ಅಪ್ಪನೂ ಅದೇ ಕೆಲಸ ಮಾಡಿದವರು, ಗೂಡಿನ ಮಾರ್ಕೆಟ್ ಪಕ್ಕ ಬಾಡಿಗೆ ಮನೆ. ‘ಸೈಟು ನೋಡೋಕೆ ಬಂದ್ರಾ ಸಾರ್?’ ಎಂದ. ಹೌದು ಅಂದೆ. ‘ನಾನೂ ಒಂದು ಚೀಟಿ ಹಾಕಿದ್ದೆ ಸಾರ್. 20-30 ಸೈಟ್ ತಗೋಳ್ಳೋಣ ಅಂತ. ಈಗ ಆ ದುಡ್ಡಿಗೆ ಕಾಂಪೌಂಡ್ ಬರುತ್ತೆ’ ಎಂದು ನಕ್ಕ. ಜಿಲ್ಲೆ ಹೆಸರು ಬದಲಾದ ಮೇಲೆ ನಿನ್ನ ಕೂಲಿ ಎಷ್ಟಾಯ್ತಪ್ಪ ಅಂತ ಕೇಳಿದೆ. ಅವನು ನನ್ನನ್ನು ತಲೆಕೆಟ್ಟವನನ್ನು ನೋಡುವ ಹಾಗೆ ನೋಡಿದ.

ಇಲ್ಲಿಗೆ ನನ್ನ ತಮಾಷೆ ಮುಗಿಯಿತು. ಆ ಊರಿಗೆ ಬೆಂಗಳೂರಿನ ರೇಟು ಬಂತು, ಬೆಂಗಳೂರಿನ ಸಂಬಳ ಬರಲಿಲ್ಲ. ಬೆಂಗಳೂರಿನ ಆಸ್ಪತ್ರೆ ಬರಲಿಲ್ಲ, ಕಾವೇರಿ ನೀರಿನ ಪೈಪು ಆ ಬೇಲಿವರೆಗೆ ಬರಲಿಲ್ಲ. ಬಂದಿದ್ದು ನಾನು. ಬೆಂಗಳೂರಿನಲ್ಲಿ ತಗೊಳ್ಳಲಾಗದೆ ಅಲ್ಲಿಗೆ ಹೋಗಿ, ಅವನಿಗೆ ಅಲ್ಲಿಯೂ ಸಿಗದ ಹಾಗೆ ಮಾಡುವವನು. ನನ್ನನ್ನು ಜಯನಗರದಿಂದ ದೂಡಿದವರು ಇನ್ಯಾರೋ, ಅವರನ್ನು ಇನ್ಯಾರೋ. ಅವನು ಈಗ ಎಲ್ಲಿಗೆ ಹೋಗಬೇಕು? ಚನ್ನಪಟ್ಟಣಕ್ಕೆ? ಅದೂ ಬೆಂಗಳೂರು ದಕ್ಷಿಣವೇ. ಹುಟ್ಟಿದ ಊರಲ್ಲಿ ಒಂದು ಮನೆ ಕಟ್ಟಿಕೊಳ್ಳೋಕೆ ಆಗದ ಹಾಗೆ ಮಾಡಿ, ಅದಕ್ಕೆ ಅಭಿವೃದ್ಧಿ ಅಂತ ಹೆಸರಿಟ್ಟು, ಸನ್ಮಾನ ಮಾಡಿಸಿಕೊಳ್ಳುತ್ತಾರಲ್ಲ, ಸಾಕಾಗಿದೆ ನನಗೆ. ಜಮೀನಿನ ಬೆಲೆ ಏರಿದರೆ ರೈತರಿಗೆ ಲಾಭ ಅಂತ ಭಾಷಣ ಮಾಡುತ್ತಾರೆ. ಆ ಹುಣಸೆಮರದ ರೈತ ಹೆಸರು ಬದಲಾಗುವ ಮುಂಚೆಯೇ ಎಕರೆ ಲೆಕ್ಕದಲ್ಲಿ ಮಾರಿಯಾಗಿದೆ. ಅಡಿ ಲೆಕ್ಕದಲ್ಲಿ ಮಾರುವವರು ಬೇರೆ.

‘ಯೋಚನೆ ಮಾಡಿ ಹೇಳ್ತೀವಿ’ ಅಂತ ಬ್ರೋಕರ್‌ಗೆ ಹೇಳಿದೆ. ಬೆಳಗ್ಗೆ ಮನೆ ಬಾಗಿಲಿಗೇ ಬಂದಿದ್ದ ಅವನ ಎಸಿ ಕಾರಿಗೆ ಅದೇ ಕ್ಷಣ ಏನೋ ತೊಂದರೆ ಆಯಿತು. ಬುಕಿಂಗ್ ಮಾಡಿದವರಿಗೆ ಮಾತ್ರ ವಾಪಸ್ ಡ್ರಾಪ್ ಅಂತ ಬ್ರೋಷರಿನಲ್ಲಿ ಇರಲಿಲ್ಲ. ಇದ್ದರೂ ಕೊನೆ ಪುಟದಲ್ಲಿ ಇತ್ತೇನೋ.

ಬಸ್ ಸ್ಟ್ಯಾಂಡಿಗೆ ನಡೆದೆವು. ಬಸ್ಸು ಹತ್ತಿದ ಮೇಲೆ ಹೆಂಡತಿಗೆ ಏನೋ ಹುಕಿ ಬಂತು. ಕಂಡಕ್ಟರ್ ಹತ್ತಿರ ಬಂದಾಗ ಗಂಭೀರವಾಗಿ ‘ಬೆಂಗಳೂರು ದಕ್ಷಿಣದಿಂದ ಬೆಂಗಳೂರಿಗೆ’ ಎಂದಳು.

‘ಏನಮ್ಮಾ?’

‘ಬೆಂಗಳೂರಲ್ಲೇ ಹತ್ತಿದ್ದೀವಿ ಸರ್, ಬೆಂಗಳೂರಲ್ಲೇ ಇಳೀತೀವಿ.’

‘ಬೆಂಗಳೂರಿಗೆ ಇನ್ನೂ ಒಂದೂವರೆ ಗಂಟೆ ಇದೆ’ ಎಂದು ಕಂಡಕ್ಟರ್ ಮಷಿನ್ ಒತ್ತಿದ. ಅವಳ ಆಧಾರ್ ನೋಡಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಟ್ಟ, ನನ್ನ ಹತ್ತಿರ ಪೂರ್ತಿ ದುಡ್ಡು ತಗೊಂಡ. ಎರಡೂ ಚೀಟಿಯಲ್ಲಿ ರಾಮನಗರ ಅಂತಲೇ ಇತ್ತು.