ಬಸ್ಕಿಗೆ ರಶೀದಿ ಉಂಟಾ?

ಧಾರವಾಡಕ್ಕೆ ಪೇಡಾ, ಬೆಳಗಾವಿಗೆ ಕುಂದಾ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಹೆಸರು ಮಾಡಿದ್ದು ಬೇರೆಯೇ ಕಸುಬಿನಲ್ಲಿ: ಬಂದವರನ್ನು ತಡೆಯುವುದು.

ಊರಿನವರ ತಪ್ಪೇನಿಲ್ಲ. ಊರು ಬೆಳೆದದ್ದೇ ಹಾಗೆ. 1880ರ ದಶಕದಲ್ಲಿ ಗೋವಾದ ಮುರಗಾಂವ ಬಂದರಿನಿಂದ ಘಟ್ಟ ಹತ್ತಿ ರೈಲು ಬಂತು. ಕೆಳಗೆ ಪೋರ್ಚುಗೀಸರು, ಮೇಲೆ ಬ್ರಿಟಿಷರು. ಇಲ್ಲಿ ಗಾಡಿ ನಿಲ್ಲಿಸಿ ಟ್ರಂಕು ಬಿಚ್ಚಿಸುತ್ತಿದ್ದರು. ಕಾಡಿನ ನಡುವೆ ಸ್ಟೇಷನ್ನು, ಸುಂಕದ ಕಚೇರಿ ಎದ್ದದ್ದು ಹೀಗೆ. 1955ರಲ್ಲಿ ಭಾರತ ಗೋವಾಕ್ಕೆ ದಿಗ್ಬಂಧನ ಹಾಕಿದಾಗ ರೈಲನ್ನೇ ತಡೆದಾಯಿತು. 1961ರಲ್ಲಿ ಗೋವಾ ನಮ್ಮದಾಯಿತು, ಗಡಿ ಹೋಯಿತು. ತಡೆಯಲು ಯಾರೂ ಇಲ್ಲದೆ ಊರಿಗೆ ಎಷ್ಟು ಬೇಜಾರಾಗಿರಬೇಡ!

ಸಮಾಧಾನಕ್ಕೆ ಘಟ್ಟವಿತ್ತು. 37 ಅಡಿ ಹೋದರೆ 1 ಅಡಿ ಏರು. ಗಾಡಿಯನ್ನು ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಬೇಕು. ಅದನ್ನು ಬಿಚ್ಚಲಾದರೂ ಇಲ್ಲಿ ನಿಲ್ಲಬೇಕಲ್ವಾ? ಇನ್ನೊಂದು ಹಳಿ ಹಾಕಲು ಹೊರಟ ರೈಲ್ವೆಯೂ ಇದೇ ಘಟ್ಟದಲ್ಲಿ ಸಿಕ್ಕಿಬಿತ್ತು. ವನ್ಯಜೀವಿ ಮಂಡಳಿ ಕೊಟ್ಟಿದ್ದ ಅನುಮತಿಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಈಗ ಚಾರಣಿಗರ ಸರದಿ. ಇಲ್ಲಿಂದ ಹಳಿ ಹಿಡಿದು ನಡೆದರೆ ಸುಮಾರು 14 ಕಿ.ಮೀ.ಗೆ ದೂಧಸಾಗರ ಜಲಪಾತ. ಮಳೆಗಾಲದಲ್ಲಿ ಬೆಂಗಳೂರಿನ ಹುಡುಗರು ರಾತ್ರಿ ರೈಲು ಹತ್ತಿ ಬರುತ್ತಾರೆ. ಸುಮ್ನೆ ಸೀಟಿನಲ್ಲಿ ಕೂತಿದ್ದರೆ ರೈಲು ಜಲಪಾತದ ಮುಂದೆಯೇ ಹಾದು ಹೋಗುತ್ತಿತ್ತು. ಆದರೆ ಕೂತು ನೋಡಿದರೆ ರೀಲ್ಸ್ ಆಗುವುದಿಲ್ಲವಲ್ಲ! ಹಾಗಾಗಿ ರೈಲಿಳಿದು, ಪ್ಲಾಸ್ಟಿಕ್ ರೇನ್‌ಕೋಟು ಹಾಕಿಕೊಂಡು, ಹಳಿಯಡಿಯ ಸ್ಲೀಪರ್‌ನಿಂದ ಸ್ಲೀಪರ್‌ಗೆ ಹಾರುತ್ತಾ, ಸುರಂಗದೊಳಗೆ ಹಾರ್ನ್ ಕೇಳಿದಾಗ ಗೋಡೆಗೆ ಹಲ್ಲಿಯಂತೆ ಅಂಟಿಕೊಳ್ಳುವುದು. ಇದಕ್ಕೆ ಪ್ರಕೃತಿ ಪ್ರೇಮ ಅಂತ ಹೆಸರು.

2023ರ ಜುಲೈನಲ್ಲಿ ರೈಲ್ವೆ ಪೊಲೀಸರು ದೂಧಸಾಗರದ ಹತ್ತಿರ ಇಂಥವರನ್ನು ಹಿಡಿದು, ಹಳಿ ಪಕ್ಕದಲ್ಲೇ ಬಸ್ಕಿ ಹೊಡೆಸಿದರು. ವಿಡಿಯೊ ದೇಶವೆಲ್ಲ ಓಡಿತು. ಅಂತೂ ರೀಲ್ಸ್ ಆಯಿತು, ಅದೂ ಸರ್ಕಾರಿ ಖರ್ಚಿನಲ್ಲಿ.

ರೈಲ್ವೆ ಕಾಯ್ದೆಯ 147ನೇ ಕಲಂ ತೆಗೆದು ನೋಡಿದೆ. ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಎಂದಿದೆ. ಬಸ್ಕಿ ಇಲ್ಲ. ಅದು ನಮ್ಮ ಪ್ರೈಮರಿ ಶಾಲೆ ಮೇಷ್ಟ್ರ ಕಲಂ. ದಂಡ ಹಾಕಿದರೆ ಕಾಗದ ಬರೆಯಬೇಕು, ಬಸ್ಕಿಗೆ ಎಣಿಸಲು ಬಂದರೆ ಸಾಕು.

ಹಳೇ ಸುಂಕದ ಸಾಹೇಬ ಇದ್ದಿದ್ದರೆ, ಇಪ್ಪತ್ತು ಬಸ್ಕಿಗೂ ಒಂದು ರಶೀದಿ ಹರಿದು, ಸೀಲು ಹೊಡೆದು ಕೊಡುತ್ತಿದ್ದ.