ಬಾಲಂಗೋಚಿ

ಕಾರಿನ ಹುಚ್ಚು ಹತ್ತಿಸಿಕೊಂಡ ನಮ್ಮ ಗೆಳೆಯರ ಗುಂಪು ಹತ್ತು ಹನ್ನೆರಡು ಕಾರುಗಳನ್ನು ಸಾಲಾಗಿ ಹೂಡಿಕೊಂಡು ಬೆಟ್ಟದ ದಾರಿಗೆ ಹೊರಡುವಾಗಲೆಲ್ಲ ನನ್ನ ಪಾಲಿಗೆ ಬರುವುದು ಕಟ್ಟಕಡೆಯ ಸ್ಥಾನ. ಇದನ್ನು ಅವರು ಗೌರವದ ಹುದ್ದೆಯೆಂದೇ ಬಣ್ಣಿಸುತ್ತಾರೆ. ಮೊದಲ ಕಾರು ದಾರಿ ತೋರಿಸುತ್ತದೆ, ಕೊನೆಯ ಕಾರು ಯಾರೂ ಹಿಂದುಳಿಯದಂತೆ ಕಾಯುತ್ತದೆ, ಆದ್ದರಿಂದ ಎರಡರಲ್ಲೂ ನುರಿತವರೇ ಇರಬೇಕು ಎಂಬುದು ಅವರ ವಾದ. ವಾದವೇನೋ ಸರಿ. ಆದರೆ ಮೊದಲ ಕಾರು ಯಾರದು ಎಂಬ ಪ್ರಶ್ನೆಗೆ ಅರ್ಧ ಗಂಟೆ ಜಗ್ಗಾಟ ನಡೆದು, ಕೊನೆಯ ಕಾರು ಯಾರದು ಎಂಬ ಪ್ರಶ್ನೆ ಬಂದೊಡನೆ ಎಲ್ಲರೂ ಮೌನವಾಗಿ ನನ್ನ ಕಡೆಗೆ ತಿರುಗುವುದರ ಅರ್ಥ ನನಗೆ ತಿಳಿಯದ್ದಲ್ಲ. ಬಾಲಂಗೋಚಿ ಇಲ್ಲದ ಗಾಳಿಪಟ ಲಾಗ ಹೊಡೆಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸ್ಟೇರಿಂಗು ಹಿಡಿಯುತ್ತೇನೆ.

ಕಾರನ್ನು ಪ್ರೀತಿಸುವವರನ್ನು ಮಾತಿಗೆಳೆದರೆ ಅವರ ಬಾಯಿಂದ ಮೊದಲು ಬರುವ ಪದ ಸ್ವಾತಂತ್ರ್ಯ. ಬೇಕೆನಿಸಿದಾಗ ಹೊರಡಬಹುದು, ಬೇಕೆನಿಸಿದಲ್ಲಿ ನಿಲ್ಲಬಹುದು, ಯಾರ ಹಂಗೂ ಇಲ್ಲ. ಅಂಥವರು ವಾರಗಟ್ಟಲೆ ಮೊದಲೇ ದಿನ ಗೊತ್ತುಮಾಡಿ, ಬೆಳಕು ಹರಿಯುವ ಮುನ್ನ ಎದ್ದು, ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾಟ ಆಡುವ ಮಕ್ಕಳಂತೆ ಸಾಲುಗಟ್ಟಿ ಹೊರಡುವುದನ್ನು ಕಂಡಾಗ ನನಗೆ ಪ್ರತಿಸಲವೂ ನಗು ಬರುತ್ತದೆ. ಸಾಲಿಗೆ ಸೇರಿದ ಮೇಲೆ ಮುಂದಿನವನನ್ನು ಹಿಂದಿಕ್ಕುವಂತಿಲ್ಲ. ಹಿಂದಿಕ್ಕಬಲ್ಲ ಎಂಜಿನ್ನಿಗಾಗಿಯೇ ಕೂಡಿಟ್ಟ ಹಣವನ್ನೆಲ್ಲ ಸುರಿದವನು ಕೂಡ, ಇಪ್ಪತ್ತು ವರ್ಷ ಹಳೆಯ ಪುಟ್ಟ ಕಾರಿನ ಹೊಗೆ ಕುಡಿಯುತ್ತ ಅದರ ಬೆನ್ನಿಗೇ ಸಾಗುತ್ತಾನೆ, ಮತ್ತು ಸಂಜೆ ಅದನ್ನೇ ತನ್ನ ಬದುಕಿನ ಅತ್ಯುತ್ತಮ ಪಯಣವೆಂದು ಎಲ್ಲರ ಬಳಿ ಹೇಳಿಕೊಳ್ಳುತ್ತಾನೆ.

ನಾವು ಹುಡುಕಿಕೊಂಡು ಹೋಗುವ ತಿರುವುಗಳು ನಮ್ಮಂಥವರ ಸುಖಕ್ಕಾಗಿ ಹುಟ್ಟಿದವಲ್ಲ. ಬೆಟ್ಟವನ್ನು ನೇರವಾಗಿ ಹತ್ತಲಾರದ ಕುದುರೆಗಳ ಏದುಸಿರಿನಿಂದ ಹುಟ್ಟಿದವು. ಹನ್ನೆರಡು ಅಡಿ ಸಾಗಿದರೆ ಒಂದಡಿ ಮೇಲೇರುವಷ್ಟು ಸೌಮ್ಯವಾದ ಏರು ಬೇಕೆಂದರೆ, ಸಾವಿರ ಅಡಿಯ ಎತ್ತರಕ್ಕೆ ಹನ್ನೆರಡು ಸಾವಿರ ಅಡಿ ರಸ್ತೆ ಹಾಸಬೇಕು, ಮತ್ತು ಅಷ್ಟುದ್ದದ ರಸ್ತೆಯನ್ನು ಬೆಟ್ಟದ ಒಂದೇ ಮಗ್ಗುಲಿನಲ್ಲಿ ಹಿಡಿಸಬೇಕಾದರೆ ಸೀರೆಯಂತೆ ಮಡಿಕೆ ಹಾಕದೆ ಗತಿಯಿಲ್ಲ. ಕಾರುಪ್ರಿಯರು ತೀರ್ಥಕ್ಷೇತ್ರದಂತೆ ಹೆಸರು ಹೇಳುವ ಆಲ್ಪ್ಸ್ ಪರ್ವತದ ಸ್ಟೆಲ್ವಿಯೊ ಮಾರ್ಗವನ್ನು ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರು 1820ರಿಂದ 1825ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ನಿರ್ಮಿಸಿದ. 2757 ಮೀಟರು ಎತ್ತರಕ್ಕೇರುವ ಆ ದಾರಿಯ ಒಂದು ಬದಿಯಲ್ಲೇ 48 ಹೇರ್‌ಪಿನ್ ತಿರುವುಗಳಿದ್ದು, ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆಯಿದೆ. ಅದು ಮುಗಿದ ಕಾಲಕ್ಕೆ ಕಾರ್ಲ್ ಬೆಂಜ್ ಇನ್ನೂ ಹುಟ್ಟಿಯೇ ಇರಲಿಲ್ಲ. ಅವನ ಮೂರು ಚಕ್ರದ ಕಾರಿಗೆ ಪೇಟೆಂಟು ಸಿಕ್ಕಿದ್ದು 1886ರಲ್ಲಿ. ಕುದುರೆಗೆ ಸುಸ್ತಾಗದಿರಲೆಂದು ಹಾಕಿದ ಮಡಿಕೆಗಳ ಮೇಲೆ ನೂರು ಕುದುರೆಶಕ್ತಿಯ ಯಂತ್ರಗಳು ಇಂದು ಸುಖಿಸುತ್ತಿವೆ. (ಹಾಗೆಯೇ, ತಲೆಗೂದಲಿಗೆ ಸಿಕ್ಕಿಸುವ ಹೇರ್‌ಪಿನ್ನನ್ನು ಜೀವಮಾನದಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿದು ನೋಡದ ಗಂಡಸರು ಆ ಪದವನ್ನು ಎಷ್ಟು ಅಧಿಕಾರವಾಣಿಯಿಂದ ಉಚ್ಚರಿಸುತ್ತಾರೆಂಬುದೂ ಗಮನಿಸತಕ್ಕ ಸಂಗತಿ.)

ತಿರುವಿನ ವಿದ್ಯೆಯನ್ನು ಬಲ್ಲವರು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ: ನಿಧಾನವಾಗಿ ಹೊಗು, ಚುರುಕಾಗಿ ಹೊರಬಾ. ಬ್ರೇಕು ಹಾಕುವುದೆಲ್ಲ ತಿರುವಿಗೆ ಮೊದಲೇ ಮುಗಿದಿರಬೇಕು, ತಿರುವಿನೊಳಗೆ ಅಲ್ಲ. ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟಿಕೊಂಡಿರುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ, ಮತ್ತು ಆ ಅಂಗೈಗಳ ಹಿಡಿತವೆಂಬುದು ಒಂದೇ ಜೇಬಿನ ಹಣ. ಬ್ರೇಕಿಗೆ ಖರ್ಚಾದದ್ದು ತಿರುಗುವುದಕ್ಕೆ ಉಳಿಯುವುದಿಲ್ಲ. ವೇಗವನ್ನು ಗಂಟೆಗೆ 30 ಕಿಲೋಮೀಟರಿನಿಂದ 60ಕ್ಕೆ ಏರಿಸಿದರೆ ಅದೇ ತಿರುವು ಕೇಳುವ ಬೆಲೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದು ತಲೆಗೆ ತಿಳಿದಿರುವುದಕ್ಕಿಂತ ಹೆಚ್ಚಾಗಿ ಸೊಂಟಕ್ಕೆ ತಿಳಿಯುತ್ತದೆ. ಸರಿಯಾದ ಗೇರಿನಲ್ಲಿ, ಸರಿಯಾದ ವೇಗದಲ್ಲಿ, ಮುಂದಿನ ತಿರುವಿನ ಕೊನೆಯನ್ನು ಕಣ್ಣು ಮೊದಲೇ ಹುಡುಕಿಕೊಂಡಿರುವಾಗ ಕಾರು ತಾನಾಗಿ ಮಡಚಿಕೊಂಡು ಹೊರಳುವ ಆ ಗಳಿಗೆಯ ಸುಖವನ್ನು ಹಿಂದಿನ ಸೀಟಿನಲ್ಲಿ ಹೊಟ್ಟೆ ತೊಳಸಿಕೊಂಡು ಕುಳಿತವರಿಗೆ ವಿವರಿಸುವ ಪ್ರಯತ್ನವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಓಡಿಸುವವನಿಗೆ ಹೊಟ್ಟೆ ತೊಳಸುವುದು ಅಪರೂಪ, ಏಕೆಂದರೆ ಕಾರು ಯಾವ ಕಡೆಗೆ ಹೊರಳಲಿದೆ ಎಂಬುದು ಅವನ ಮೈಗೆ ಮುಂಚೆಯೇ ಗೊತ್ತಿರುತ್ತದೆ.

ಸಾಲಿನಲ್ಲಿ ಸಾಗುವಾಗ ಮಾತ್ರ ಈ ಲೆಕ್ಕಗಳೆಲ್ಲ ಅಡಿಮೇಲಾಗುತ್ತವೆ. ಮೊದಲ ಕಾರು ಒಂದೇ ಹದದಲ್ಲಿ ಹೋಗುತ್ತಿದ್ದರೂ, ಪ್ರತಿ ತಿರುವಿನಿಂದ ಹೊರಬಂದವನು ಮುಂದಿನವನು ದೂರವಾದನೆಂದು ಕಳವಳಗೊಂಡು ಒಂದಿಷ್ಟು ಹೆಚ್ಚು ಒತ್ತುತ್ತಾನೆ, ಹತ್ತಿರವಾದೊಡನೆ ಒಂದಿಷ್ಟು ಹೆಚ್ಚು ತಡೆಯುತ್ತಾನೆ. ಆ ಒಂದಿಷ್ಟುಗಳು ಕಾರಿನಿಂದ ಕಾರಿಗೆ ಬಡ್ಡಿ ಸೇರಿಸಿಕೊಳ್ಳುತ್ತ ಹಿಂದಕ್ಕೆ ಹರಿದು, ಬಾಲದಲ್ಲಿರುವ ನನ್ನನ್ನು ತಲುಪುವ ಹೊತ್ತಿಗೆ ಒಮ್ಮೆ ತೆವಳಾಟ, ಒಮ್ಮೆ ಓಟ ಆಗಿರುತ್ತವೆ. ಹಾರ್ಮೋನಿಯಂನ ತಿದಿಯೊಳಗೆ ಸಿಕ್ಕಿಕೊಂಡ ಇರುವೆಗೆ ಹೀಗೆಯೇ ಅನಿಸುತ್ತಿರಬೇಕು. ವಾಕಿಟಾಕಿಯಲ್ಲಿ ಮುಂದಿನವನು, ‘ಎಷ್ಟು ನಿಧಾನವಾಗಿ ಹೋಗುತ್ತಿದ್ದೇನೆ ನೋಡಿ’ ಎಂದು ಉದಾರವಾಗಿ ನುಡಿಯುತ್ತಿರುವಾಗಲೇ ನಾನು ಹಲ್ಲು ಕಚ್ಚಿಕೊಂಡು ಸಾಲನ್ನು ಕೂಡಿಕೊಳ್ಳಲು ಹೆಣಗುತ್ತಿರುತ್ತೇನೆ. ಕಡೆಗೆ, ಕೂಡಿಕೊಳ್ಳುವ ಹಟವನ್ನೇ ಬಿಟ್ಟು ನನ್ನ ಹದಕ್ಕೆ ನಾನು ಹೋದರೆ ಎರಡು ತಿರುವು ತಡವಾಗಿಯಾದರೂ ಸಾಲು ತಾನಾಗಿ ಸಿಗುತ್ತದೆ ಎಂಬುದನ್ನು ಕಲಿಯಲು ನನಗೆ ನಾಲ್ಕೈದು ಪಯಣಗಳು ಬೇಕಾದವು.

ಹೆಚ್ಚಿನ ಹೊತ್ತು ನನಗೆ ಕಾಣುವುದು ನನ್ನ ಮುಂದಿನ ಕಾರಿನ ಹಿಂಭಾಗ, ಅಷ್ಟೇ. ಒಟ್ಟಿಗೆ ಹೋಗುತ್ತಿದ್ದೇವೆಂಬುದು ಬಹುಪಾಲು ನಂಬಿಕೆಯ ವಿಷಯ. ಹೇರ್‌ಪಿನ್ ತಿರುವು ಬಂದಾಗ ಮಾತ್ರ ಇಡೀ ಸಾಲು ಒಮ್ಮೆಲೇ ಬೆಟ್ಟದ ಮೈಮೇಲೆ ಬಿಚ್ಚಿಕೊಳ್ಳುತ್ತದೆ. ಕೆಂಪು, ಬಿಳಿ, ಬೂದಿ ಬಣ್ಣದ ಕಾರುಗಳು ನನ್ನ ತಲೆಯ ಮೇಲಿನ ಮಡಿಕೆಯಲ್ಲಿ ನನಗೆ ಎದುರಾಗಿ ಹಾದುಹೋಗುತ್ತವೆ. ಬೆಳಗಿನಿಂದ ಬರಿಯ ನಂಬರ್ ಪ್ಲೇಟುಗಳಾಗಿದ್ದ ಗೆಳೆಯರಿಗೆ ಆಗ ಇದ್ದಕ್ಕಿದ್ದಂತೆ ಮುಖಗಳು ಮೂಡುತ್ತವೆ. ಒಬ್ಬ ಕೈ ಬೀಸುತ್ತಾನೆ, ಇನ್ನೊಬ್ಬ ಬಾಯಿ ತೆರೆದು ಹಾಡುತ್ತಿರುತ್ತಾನೆ, ಮತ್ತೊಬ್ಬ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು ಪರೀಕ್ಷೆ ಬರೆಯುವವನಂತೆ ಗಂಭೀರನಾಗಿರುತ್ತಾನೆ. ಒಂದೇ ಊರಿಗೆ ಹೊರಟವರು ಪರಸ್ಪರ ವಿರುದ್ಧ ದಿಕ್ಕಿಗೆ ಹೋಗುತ್ತಿರುವಾಗಷ್ಟೇ ಒಬ್ಬರಿಗೊಬ್ಬರು ಕಾಣಿಸುವ ಈ ಏರ್ಪಾಡಿನಲ್ಲಿ ಹೆಚ್ಚು ಪಾಲು ಸಿಗುವುದು ನನಗೇ. ಮೊದಲ ಕಾರಿನವನ ಮೇಲಿನ ಮಡಿಕೆ ಯಾವಾಗಲೂ ಖಾಲಿ.

ತುದಿ ತಲುಪಿ ಕಾರಿನಿಂದಿಳಿದ ಮೇಲಿನ ನಡವಳಿಕೆಯನ್ನು ಹೇಳದಿರುವುದೇ ಲೇಸು. ಎದುರಿಗೆ ಮೈಲಿಗಟ್ಟಲೆ ಕಣಿವೆ ಹಾಸಿಕೊಂಡಿರುತ್ತದೆ. ನಮ್ಮವರು ಅದಕ್ಕೆ ಬೆನ್ನು ಹಾಕಿ, ಯಾರದೋ ತೆರೆದ ಬಾನೆಟ್ಟಿನೊಳಗೆ ಏಳು ತಲೆಗಳನ್ನು ತೂರಿಸಿ ನಿಂತಿರುತ್ತಾರೆ.

ಇಳಿಯುವಾಗ ಮಾತು ಕಡಿಮೆಯಾಗುತ್ತದೆ. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಎಂಬ ಹಳೆಯ ಮಾತಿನ ಹಿಂದೆ ಒಂದು ದೊಡ್ಡ ಹಂಡೆಯ ಲೆಕ್ಕವಿದೆ. 1200 ಕಿಲೋ ತೂಕದ ಕಾರು 1000 ಮೀಟರು ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿಯೆಲ್ಲ ಶಾಖವಾದರೆ, ಅದು ಸುಮಾರು 35 ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಎಂಜಿನ್ನಿಗೆ ತಡೆಯುವ ಕೆಲಸ ಕೊಡದೆ ಬರಿಯ ಪೆಡಲನ್ನೇ ನಂಬಿದವನು ಆ ಹಂಡೆಯನ್ನು ತನ್ನ ಬ್ರೇಕುಗಳ ಮೇಲೆ ಕಾಯಿಸುತ್ತಿರುತ್ತಾನೆ. ಸುಟ್ಟ ವಾಸನೆ ಮೊದಲು ಬರುವುದು ಹಿಂದಿರುವವನ ಮೂಗಿಗೆ; ಹೀಗಾಗಿ ವಾಕಿಟಾಕಿಯಲ್ಲಿ, ‘ಯಾರೋ ಬ್ರೇಕು ಸುಡುತ್ತಿದ್ದೀರಿ’ ಎಂದು ಹೇಳುವ ಅಪ್ರಿಯ ಕರ್ತವ್ಯವೂ ನನ್ನದೇ. ನಾನಲ್ಲ, ನಾನಲ್ಲ ಎಂಬ ಉತ್ತರಗಳು ಸಾಲಿನ ಉದ್ದಕ್ಕೂ ಬರುತ್ತವೆ. ಒಮ್ಮೆ ಹಾಗೆ ಎಲ್ಲರನ್ನೂ ಗದರಿಸಿ ಮುಗಿಸಿದ ಮೇಲೆ, ಆ ವಾಸನೆ ನನ್ನ ಚಕ್ರದಿಂದಲೇ ಬರುತ್ತಿತ್ತೆಂದು ಗೊತ್ತಾಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಗುಂಪಿನಲ್ಲಿ ಕಟ್ಟುನಿಟ್ಟಾದ ನಿಯಮವೊಂದೇ. ಮುಂದಿನ ಕಾರನ್ನು ಬೆನ್ನಟ್ಟಬೇಡಿ, ಹಿಂದಿನ ಕಾರನ್ನು ಕಾಯಿರಿ. ದಾರಿ ಕವಲೊಡೆಯುವಲ್ಲೆಲ್ಲ, ಹಿಂದಿನವನು ನಿಮ್ಮ ಕನ್ನಡಿಯಲ್ಲಿ ಕಾಣುವ ತನಕ ನಿಲ್ಲಿ. ಹೀಗೆ ಒಬ್ಬೊಬ್ಬನೂ ಒಬ್ಬೊಬ್ಬನನ್ನು ಕಾದರೆ ನಕ್ಷೆಯ ಅಗತ್ಯವೇ ಬೀಳುವುದಿಲ್ಲ. ನನ್ನ ಕನ್ನಡಿಯಲ್ಲಿ ಮಾತ್ರ ಕಾಯಬೇಕಾದವರು ಯಾರೂ ಇರುವುದಿಲ್ಲ. ಇಳಿದುಬಂದ ದಾರಿಯಷ್ಟೇ ಮಂಜಿನಲ್ಲಿ ತನ್ನನ್ನು ತಾನು ಸುತ್ತಿಕೊಳ್ಳುತ್ತಿರುತ್ತದೆ. ಕಳೆದ ಸಲ ಕತ್ತಲಾಗುವ ಹೊತ್ತಿಗೆ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡ ನಾನು ಸಾಲಿನಿಂದ ಪೂರ್ತಿ ಕಳಚಿಹೋದೆ. ವಾಕಿಟಾಕಿ ಬೆಟ್ಟದ ಮರೆಯಲ್ಲಿ ಗೊರಗೊರ ಎಂದಿತೇ ಹೊರತು ಮಾತಾಡಲಿಲ್ಲ. ಕಾಲು ಗಂಟೆಯ ಮೇಲೆ ಕವಲು ಬಂದಾಗ, ಎಡಬದಿಯ ಅಂಚಿನಲ್ಲಿ ಬೂದಿ ಬಣ್ಣದ ಪುಟ್ಟ ಕಾರೊಂದು ಇಂಡಿಕೇಟರು ಮಿಟುಕಿಸುತ್ತ ನಿಂತಿತ್ತು. ನಾನು ಒಮ್ಮೆ ದೀಪ ಹಾಯಿಸಿದೆ. ಅದು ಹೊರಳಿ ರಸ್ತೆಗಿಳಿಯಿತು.