ಬರೀ ಬಿಳಿ ಬಟ್ಟೆಯಾ?
ಪ್ರಾಚೀನ ಗ್ರೀಕರ ಉಡುಪಿನ ಬಗೆಗಿನ ನಿಮ್ಮ ಲೇಖನ ಇಷ್ಟವಾಯಿತು. ಆದರೆ ಅದರಲ್ಲಿ ಬರುವ, ಅವರು ಬಿಳಿ ಬಟ್ಟೆ ಮಾತ್ರ ಉಡುತ್ತಿದ್ದರು ಎಂಬ ಸಾಲನ್ನು ಒಪ್ಪುವುದು ಕಷ್ಟ. ಅಮೃತಶಿಲೆಯ ಮೂರ್ತಿಗಳನ್ನು ನೋಡಿ ಹುಟ್ಟಿದ ನಂಬಿಕೆ ಅದು, ಅಲ್ವಾ? ಆ ಮೂರ್ತಿಗಳಿಗೂ ಬಣ್ಣ ಬಳಿದಿದ್ದರು, ಕಾಲ ಕಳೆದಂತೆ ಅಳಿಸಿಹೋಯಿತು. ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ ‘ಪೆಪ್ಲೋಸ್ ಕೋರೆ’ ಅಂತ ಒಂದು ಹೆಣ್ಣಿನ ಮೂರ್ತಿ ಇದೆ. ಕ್ರಿ.ಪೂ. 530ರ ಸುಮಾರಿನದು. ಅದರ ಮೇಲೆ ಬಣ್ಣದ ಗುರುತು ಈಗಲೂ ಉಳಿದಿದೆ. ಅಥೆನ್ಸಿನ ಹಬ್ಬದಲ್ಲಿ ಆ ಊರಿನ ದೇವತೆ ಅಥೀನಾಗೆ ಒಪ್ಪಿಸುತ್ತಿದ್ದ ಉಡುಪಿಗೂ ಕೇಸರಿ ಬಣ್ಣ ಇರುತ್ತಿತ್ತು. ದೇವತೆಗಳು ದೈತ್ಯರ ಜೊತೆ ಹೋರಾಡುವ ಚಿತ್ರಗಳನ್ನು ಅದರಲ್ಲೇ ನೇಯುತ್ತಿದ್ದರು.

ಇನ್ನು ಪಿನ್ನುಗಳ ವಿಷಯ ಲೇಖನದಲ್ಲಿ ಬಂದೇ ಇಲ್ಲ. ಆ ಮೂರ್ತಿಯ ಹೆಸರಿನಲ್ಲಿರುವ ಪೆಪ್ಲೋಸ್ ಎಂದರೆ ಗ್ರೀಕ್ ಹೆಂಗಸರು ಉಡುತ್ತಿದ್ದ, ನಮ್ಮ ಸೀರೆಯ ಹಾಗೆ ಹೊಲಿಗೆ ಹಾಕದ ಬಟ್ಟೆ. ಉಣ್ಣೆಯದು. ಮೇಲ್ಭಾಗ ಮಡಚಿ, ಎರಡೂ ಭುಜದ ಮೇಲೆ ಪಿನ್ನು ಚುಚ್ಚಿದರೆ ಮುಗಿಯಿತು. ಈ ಪಿನ್ನಿನ ಬಗ್ಗೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಒಂದು ಭಯಂಕರ ಕಥೆ ಹೇಳುತ್ತಾನೆ. ಈಜಿನಾ ದ್ವೀಪದ ಮೇಲೆ ದಂಡೆತ್ತಿ ಹೋದ ಅಥೆನ್ಸಿನವರಲ್ಲಿ ಒಬ್ಬನೇ ಬದುಕಿ ವಾಪಸ್ ಬಂದ. ಸತ್ತವರ ಹೆಂಡತಿಯರು ಅವನನ್ನು ಸುತ್ತುವರಿದು, ‘ನನ್ನ ಗಂಡ ಎಲ್ಲಿ?’ ಎಂದು ಕೇಳುತ್ತಾ ಪಿನ್ನುಗಳಿಂದ ಚುಚ್ಚಿ ಚುಚ್ಚಿ ಕೊಂದರಂತೆ. ಆಮೇಲೆ ಅಥೆನ್ಸಿನವರು ಹೆಂಗಸರ ಉಡುಪನ್ನೇ ಬದಲಾಯಿಸಿ, ಪಿನ್ನು ಬೇಡದ, ನಾರುಬಟ್ಟೆಯ (ಲಿನನ್) ‘ಕಿಟೋನ್’ ಎಂಬ ಉಡುಪು ಉಡಿಸಿದರು ಎನ್ನುತ್ತಾನೆ. ಕಥೆಯನ್ನು ಪೂರ್ತಿ ನಂಬಬೇಕಿಲ್ಲ, ಫ್ಯಾಷನ್ ಹಾಗೆಲ್ಲ ಒಂದೇ ಘಟನೆಗೆ ಬದಲಾಗುವುದಿಲ್ಲ. ಆದರೂ ಮಜಾ ಇರುವುದು ಮುಂದೆ. ಅಥೆನ್ಸಿನ ಮೇಲಿನ ಹಟಕ್ಕೆ ಈಜಿನಾದವರು ಮತ್ತು ಅವರ ಪರ ನಿಂತಿದ್ದ ಆರ್ಗೋಸ್ ನಗರದವರು ತಮ್ಮ ಹೆಂಗಸರ ಪಿನ್ನುಗಳನ್ನು ಮೊದಲಿಗಿಂತ ಒಂದೂವರೆ ಪಟ್ಟು ಉದ್ದ ಮಾಡಿಸಿದರಂತೆ!